3ಸಿ 273ರ ರೋಹಿತದಲ್ಲಿ 762ರ ಗುಂಡಿ ಯಾರದು?

ಪ್ರಶ್ನೆ: ನಮ್ಮ ಮನೆ ಶಿರಸಿಯ ಹೊರವಲಯದಲ್ಲಿದೆ. ನನ್ನ ಬಳಿ 1200 ಮಿ.ಮೀ. ಫೋಕಲ್ ಲೆಂತ್‌ನ 8 ಇಂಚಿನ ನ್ಯೂಟೋನಿಯನ್ ಟೆಲಿಸ್ಕೋಪ್, ಮೋಟಾರ್ ಇರುವ ಇಕ್ವೆಟೋರಿಯಲ್ ಮೌಂಟ್, 2.9 ಮೈಕ್ರಾನ್ ಪಿಕ್ಸೆಲ್‌ನ ಕಪ್ಪು-ಬಿಳುಪು ಕ್ಯಾಮೆರಾ ಇವೆ. ಕ್ಯಾಮೆರಾದ ಸೆನ್ಸರ್‌ಗೆ 40 ಮಿ.ಮೀ. ಮುಂದೆ, ಮಿಲಿಮೀಟರಿಗೆ 100 ಗೀಟಿನ ಗ್ರೇಟಿಂಗ್ (ಬೆಳಕನ್ನು ಬಣ್ಣಗಳಾಗಿ ಹರಡುವ ಗೀಟುಗಳ ಫಲಕ) ತಿರುಪಿದ್ದೇನೆ. ಏಪ್ರಿಲ್‌ನಲ್ಲಿ ಕನ್ಯಾ ರಾಶಿಯ 3ಸಿ 273 ಕ್ವೇಸಾರ್‌ನ (ಕಪ್ಪುಕುಳಿಯ ಸುತ್ತಲಿನ ಅನಿಲದಿಂದ ಬೆಳಗುವ, ಬಲು ದೂರದ ಗೆಲಾಕ್ಸಿಯ ನಡುಭಾಗ) ರೋಹಿತ (ಸ್ಪೆಕ್ಟ್ರಮ್) ತೆಗೆದೆ. 30 ಸೆಕೆಂಡಿನ 80 ಫ್ರೇಮ್ ಸೇರಿಸಿದ್ದು. 562.6 ಮತ್ತು 503.2 ನ್ಯಾನೊಮೀಟರ್‌ನಲ್ಲಿ ಸ್ಪಷ್ಟ ಉಬ್ಬು, 475ರ ಹತ್ತಿರ ಇದೆಯೋ ಇಲ್ಲವೋ ಎಂಬಂಥ ಉಬ್ಬು ಸಿಕ್ಕವು. ಹೈಡ್ರೋಜನ್ ಆಲ್ಫಾ ರೇಖೆ 760ರಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣಬೇಕಲ್ಲ? ಅಲ್ಲಿ ಎರಡು ಕೊಂಬು, ನಡುವೆ 762ರ ಸುಮಾರಿಗೆ ಗುಂಡಿ. ಎಡಗೊಂಬು ಎತ್ತರ, ಬಲಗೊಂಬು ಗಿಡ್ಡ. 687ರಲ್ಲೂ ಸಣ್ಣ ತಗ್ಗು. 563ರ ಉಬ್ಬಿಗೆ ಬಲಗಡೆ 580ರವರೆಗೆ ಭುಜದಂತೆ ಏನೋ ಇದೆ. ಕಾರವಾರದ ಸ್ನೇಹಿತರು "ಇದು ನಮ್ಮ ಕರಾವಳಿಯ ತೇವ, ಲಡಾಖ್‌ನ ಹನ್ಲೆ ವೀಕ್ಷಣಾಲಯಕ್ಕೆ ಹೋಗದೆ ಆಗುವುದಿಲ್ಲ" ಎನ್ನುತ್ತಾರೆ. ಇನ್ನೊಬ್ಬರು ಕ್ವೇಸಾರ್ ಸುತ್ತಲಿನ ಅನಿಲ ಬೆಳಕನ್ನು ಹೀರಿದೆ ಎನ್ನುತ್ತಾರೆ. ಎರಡು ಉಬ್ಬಿನಿಂದ ಕೆಂಪುಪಲ್ಲಟ (ರೇಖೆಗಳು ಕೆಂಪಿನ ಕಡೆ ಸರಿದ ಪ್ರಮಾಣ) ಲೆಕ್ಕ ಹಾಕಿದರೆ ಒಂದು 0.157, ಇನ್ನೊಂದು 0.159. ಇದರ ಮೇಲೆ, ಕೆಂಪುಪಲ್ಲಟ ದೂರದ ಅಳತೆಯೇ ಅಲ್ಲ, ದೂರ ಸಾಗಿದಂತೆ ಬೆಳಕು ದಣಿದು ಕೆಂಪಾಗುತ್ತದೆ ಅಷ್ಟೆ, ಖಗೋಳವಿಜ್ಞಾನಿ ನಾರ್ಲೀಕರರೂ ಒಪ್ಪಿರಲಿಲ್ಲ ಎಂಬ ವಿಡಿಯೊ ನೋಡಿದೆ. ನನ್ನ ಉಪಕರಣದ್ದೇ ದೋಷವೇ? ಸ್ಲಿಟ್ (ಬೆಳಕು ನುಸುಳುವ ಕಿರುಸಂದಿ) ಇರುವ ಸ್ಪೆಕ್ಟ್ರೋಗ್ರಾಫ್ ಕೊಳ್ಳಬೇಕೇ? ಮುಂದೆ ಎಪಿಎಂ 08279+5255 ಎಂಬ ದೂರದ ಕ್ವೇಸಾರ್ ಪ್ರಯತ್ನಿಸಬಹುದೇ?

ಉತ್ತರ: ಉಪಕರಣ ಸರಿಯಾಗಿಯೇ ಇದೆ. ನಿಮಗೆ ಸಿಕ್ಕಿರುವುದು 3ಸಿ 273ರ ನಿಜವಾದ ರೋಹಿತ. ಅದರ ಮೇಲೆ ಭೂಮಿಯ ವಾತಾವರಣದ ಸಹಿಯೂ ಬಿದ್ದಿದೆ. ನಿಮ್ಮನ್ನು ಕಾಡುತ್ತಿರುವ ಗುಂಡಿ ಆಮ್ಲಜನಕದ್ದು, ತೇವದ್ದಲ್ಲ, ಕ್ವೇಸಾರ್‌ನದ್ದೂ ಅಲ್ಲ.

ರೋಹಿತದ ಗೆರೆಯಲ್ಲಿ ಕಾಣುವ ಏರಿಳಿತಗಳೆಲ್ಲ ಒಂದೇ ಜಾಗದಿಂದ ಬಂದವಲ್ಲ. ಕೆಲವು ಕ್ವೇಸಾರ್‌ನಲ್ಲೇ ಹುಟ್ಟಿದವು, ಕೆಲವು ದಾರಿಯಲ್ಲಿ ಸಿಕ್ಕ ಅನಿಲದವು, ಕೆಲವು ನಮ್ಮ ತಲೆಯ ಮೇಲಿನ ಗಾಳಿಯವು, ಉಳಿದವು ಗ್ರೇಟಿಂಗ್ ಮತ್ತು ಕ್ಯಾಮೆರಾ ಮಾಡಿದ ಚೇಷ್ಟೆ. ಯಾವುದು ಎಲ್ಲಿಯದು ಎಂದು ಬೇರ್ಪಡಿಸುವುದರಲ್ಲೇ ಈ ಕೆಲಸದ ಮುಕ್ಕಾಲು ಪಾಲು ಇದೆ. ನಿಮ್ಮ ರೋಹಿತದಲ್ಲಿ ನಡುದಾರಿಯದೊಂದನ್ನು ಬಿಟ್ಟು ಉಳಿದ ಮೂರೂ ಇವೆ.

ಉಬ್ಬುಗಳು ಹೈಡ್ರೋಜನ್ನಿನವೇ

ಪ್ರಯೋಗಶಾಲೆಯಲ್ಲಿ ಹೈಡ್ರೋಜನ್ನಿನ ಬಾಮರ್ ರೇಖೆಗಳು ಬೀಳುವುದು 656.3 (ಆಲ್ಫಾ), 486.1 (ಬೀಟಾ), 434.0 (ಗಾಮಾ), 410.2 (ಡೆಲ್ಟಾ) ನ್ಯಾನೊಮೀಟರ್‌ನಲ್ಲಿ. 3ಸಿ 273ರ ಕೆಂಪುಪಲ್ಲಟ 0.158. ಪ್ರತಿಯೊಂದನ್ನೂ 1.158ರಿಂದ ಗುಣಿಸಿದರೆ 760.0, 562.9, 502.6, 475.0 ಬರುತ್ತವೆ. ನಿಮ್ಮ ಮೂರು ಉಬ್ಬುಗಳೂ ಇಲ್ಲೇ ಕುಳಿತಿವೆ.

ಒಂದೇ ಉಬ್ಬು ಇದ್ದಿದ್ದರೆ ಅದು ಯಾವ ಮೂಲವಸ್ತುವಿನದೂ ಆಗಬಹುದಿತ್ತು. ಎರಡು-ಮೂರು ಸಿಕ್ಕಾಗ ಅವುಗಳ ಅನುಪಾತ ಗುಟ್ಟು ಬಿಡುತ್ತದೆ. ಯಕ್ಷಗಾನದಲ್ಲಿ ಭಾಗವತರು ಕಪ್ಪು ಎರಡರ ಶ್ರುತಿಯಿಂದ ಕಪ್ಪು ಒಂದಕ್ಕೆ ಇಳಿಸಿದರೆ ಪ್ರತಿ ಸ್ವರವೂ ಇಳಿಯುತ್ತದೆ, ಆದರೆ ಸ್ವರಗಳ ನಡುವಿನ ಅನುಪಾತ ಹಾಗೇ ಉಳಿದು ರಾಗ ಗುರುತು ಸಿಗುತ್ತದೆ. ಇಲ್ಲೂ ಹಾಗೆಯೇ. 486.1ನ್ನು 434.0ರಿಂದ ಭಾಗಿಸಿದರೆ 1.120. ನಿಮ್ಮ 562.6ನ್ನು 503.2ರಿಂದ ಭಾಗಿಸಿದರೆ 1.118. ನಿಮ್ಮ ಅಳತೆಯ ನಿಖರತೆಗೆ ಇದಕ್ಕಿಂತ ಒಳ್ಳೆಯ ಹೊಂದಾಣಿಕೆ ನಿರೀಕ್ಷಿಸಬಾರದು. ಅಮೆರಿಕದ ಪಾಲೊಮಾರ್‌ನ 200 ಇಂಚಿನ ಟೆಲಿಸ್ಕೋಪಿನಿಂದ ತೆಗೆದ ಫಲಕದಲ್ಲಿ ಖಗೋಳವಿಜ್ಞಾನಿ ಮಾರ್ಟನ್ ಶ್ಮಿಟ್ 1963ರ ಫೆಬ್ರವರಿಯಲ್ಲಿ ಗುರುತಿಸಿದ್ದೂ ಇದೇ ಮಾದರಿಯನ್ನೇ. ಅದಕ್ಕೂ ಮುಂಚೆ 3ಸಿ 48 ಎಂಬ ಇನ್ನೊಂದು ಕ್ವೇಸಾರ್‌ನ ರೇಖೆಗಳನ್ನು ಕಂಡವರು ಅವು ಯಾವ ಧಾತುವಿನವೆಂದು ತಿಳಿಯದೆ ತಲೆ ಕೆರೆದುಕೊಂಡಿದ್ದರು. ರೇಖೆಗಳು ಇಷ್ಟು ದೂರ ಸರಿದಿರಬಹುದೆಂದು ಅವರು ನಂಬಿರಲಿಲ್ಲ.

ಇನ್ನು 0.157, 0.159ರ ವ್ಯತ್ಯಾಸ. ನಿಮ್ಮ ಜೋಡಣೆಯಲ್ಲಿ ಒಂದು ಪಿಕ್ಸೆಲ್‌ಗೆ ಎಷ್ಟು ನ್ಯಾನೊಮೀಟರ್ ಎಂಬುದು ಸುಲಭದ ಲೆಕ್ಕ: ಪಿಕ್ಸೆಲ್ ಗಾತ್ರ ಮೈಕ್ರಾನ್‌ನಲ್ಲಿ, ಗುಣಿಸು 1000, ಭಾಗಿಸು ಗೀಟಿನ ಸಂಖ್ಯೆ ಮತ್ತು ದೂರದ ಗುಣಲಬ್ಧದಿಂದ. 2900ನ್ನು 4000ರಿಂದ ಭಾಗಿಸಿದರೆ 0.725. ಅಗಲವಾದ ಉಬ್ಬಿನ ನೆತ್ತಿಯನ್ನು ಒಂದು ಪಿಕ್ಸೆಲ್ ಆಚೀಚೆ ಗುರುತಿಸಿದರೂ ಕೆಂಪುಪಲ್ಲಟದಲ್ಲಿ 0.0015ರಷ್ಟು ವ್ಯತ್ಯಾಸ ಬರುತ್ತದೆ. ಗಾಮಾ ರೇಖೆಗೆ ಇನ್ನೊಂದು ಕಾರಣವೂ ಇದೆ. ಅದರ ಮಗ್ಗುಲಲ್ಲೇ 436.3ರಲ್ಲಿ ಅಯಾನೀಕೃತ ಆಮ್ಲಜನಕದ ರೇಖೆಯೊಂದಿದ್ದು, ಪಲ್ಲಟವಾದಾಗ 505.2ಕ್ಕೆ ಬರುತ್ತದೆ. ನಿಮ್ಮ ರೆಸಲ್ಯೂಶನ್‌ನಲ್ಲಿ ಇವೆರಡೂ ಒಂದೇ ಉಬ್ಬಾಗಿ ಬೆರೆಯುವುದರಿಂದ ನೆತ್ತಿ ತುಸು ಕೆಂಪಿನ ಕಡೆಗೆ ವಾಲುತ್ತದೆ. ಹಾಗಾಗಿ ಬೀಟಾವನ್ನೇ ನಂಬಿ. 0.157 ಎಂದರೆ ನಿಮ್ಮ ದೋಷಮಿತಿಯೊಳಗೇ ಇದೆ.

ಉಬ್ಬು ಅಷ್ಟು ಅಗಲವಾಗಿರುವುದು ಫೋಕಸ್ ತಪ್ಪಿದ್ದರಿಂದಲ್ಲ. ಕಪ್ಪುಕುಳಿಯ ಸುತ್ತ ಸೆಕೆಂಡಿಗೆ ಸಾವಿರಾರು ಕಿಲೋಮೀಟರ್ ವೇಗದಲ್ಲಿ ಸುತ್ತುವ ಅನಿಲದ ಒಂದು ಪಾಲು ನಮ್ಮತ್ತ, ಇನ್ನೊಂದು ಪಾಲು ನಮ್ಮಿಂದಾಚೆ ಓಡುತ್ತಿರುತ್ತದೆ. ರೇಖೆ ಎರಡೂ ಕಡೆ ಹರಡಿಕೊಳ್ಳುತ್ತದೆ. 3ಸಿ 273ರ ಬೀಟಾ ರೇಖೆಯ ಅರ್ಧ ಎತ್ತರದ ಅಗಲ ಸೆಕೆಂಡಿಗೆ ಸುಮಾರು 3500 ಕಿ.ಮೀ. ಅಂದರೆ 563ರಲ್ಲಿ ಸುಮಾರು 6.5 ನ್ಯಾನೊಮೀಟರ್. ಸ್ಲಿಟ್ ಇಲ್ಲದ ಗ್ರೇಟಿಂಗ್‌ನಲ್ಲಿ ರೆಸಲ್ಯೂಶನ್ ನಿರ್ಧರಿಸುವುದು ನಕ್ಷತ್ರದ ಚುಕ್ಕೆಯ ಗಾತ್ರ. 3 ಆರ್ಕ್‌ಸೆಕೆಂಡಿನ (ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3600ನೇ ಒಂದು ಪಾಲು) ಸೀಯಿಂಗ್, ಅಂದರೆ ಗಾಳಿಯ ಕುಣಿತದಿಂದಾಗುವ ಹರಡುವಿಕೆ, ಇದ್ದರೆ ಚುಕ್ಕೆ 6 ಪಿಕ್ಸೆಲ್ ಅಗಲ, ಎಂದರೆ ಸುಮಾರು 4.4 ನ್ಯಾನೊಮೀಟರ್. ಎರಡೂ ಸೇರಿ ಉಬ್ಬು 8ರ ಆಸುಪಾಸು ಕಾಣಬೇಕು. ನಿಮ್ಮದು 12 ದಾಟಿದರೆ ಆಗ ಫೋಕಸ್ ಅನುಮಾನಿಸಿ. 2018ರಲ್ಲಿ ಚಿಲಿಯ ವಿಎಲ್‌ಟಿ (ವೆರಿ ಲಾರ್ಜ್ ಟೆಲಿಸ್ಕೋಪ್) ವೀಕ್ಷಣಾಲಯದ ನಾಲ್ಕು ಟೆಲಿಸ್ಕೋಪ್‌ಗಳನ್ನು ಜೋಡಿಸಿ ಇದೇ ಅನಿಲದ ಸುತ್ತಾಟವನ್ನು ನೇರವಾಗಿ ಅಳೆದು, ಕಪ್ಪುಕುಳಿಯ ತೂಕ ಸೂರ್ಯನ ಸುಮಾರು 30 ಕೋಟಿ ಪಟ್ಟು ಎಂದು ಕಂಡುಕೊಂಡರು.

ಬಲಭುಜದ ವಿಷಯ: ಅದು ಬಹುಪಾಲು ಕಬ್ಬಿಣ. ಒಂದು ಎಲೆಕ್ಟ್ರಾನ್ ಕಳೆದುಕೊಂಡ ಕಬ್ಬಿಣದ ನೂರಾರು ರೇಖೆಗಳು 3ಸಿ 273ರಲ್ಲಿ ಚೆನ್ನಾಗಿಯೇ ಇವೆ. 492.4 ಮತ್ತು 501.8ರ ರೇಖೆಗಳು ಪಲ್ಲಟವಾಗಿ 570, 581ಕ್ಕೆ ಬರುತ್ತವೆ. ಆಮ್ಲಜನಕದ ಪ್ರಸಿದ್ಧ 500.7ರ ರೇಖೆಯೂ 580ಕ್ಕೇ ಬೀಳುತ್ತದಾದರೂ ಈ ಕ್ವೇಸಾರ್‌ನಲ್ಲಿ ಅದು ಬಡಕಲು. ನಿಮ್ಮ ಉಪಕರಣ ಇವನ್ನು ಬಿಡಿಸಲಾರದು, ಬಿಡಿಸಬೇಕಾದ ಅಗತ್ಯವೂ ಇಲ್ಲ.

762ರ ಗುಂಡಿ

ಭೂಮಿಯ ವಾತಾವರಣದ ಆಮ್ಲಜನಕದ ಅಣುಗಳು 759.4ರಿಂದ ಸುಮಾರು 770ರವರೆಗಿನ ಬೆಳಕನ್ನು ಬಲವಾಗಿ ಹೀರುತ್ತವೆ. ಜರ್ಮನಿಯ ಭೌತವಿಜ್ಞಾನಿ ಫ್ರೌನ್‌ಹೋಫರ್ ಸೂರ್ಯನ ರೋಹಿತದ ಕಪ್ಪು ಗೆರೆಗಳಿಗೆ ಅಕ್ಷರಗಳ ಹೆಸರಿಟ್ಟಾಗ 'ಎ' ಎಂದದ್ದು ಇದನ್ನೇ. 'ಬಿ' ಎಂದದ್ದು 687ರದನ್ನು. ನೀವು ಕಂಡ ಸಣ್ಣ ತಗ್ಗು ಆ 'ಬಿ'. ಎರಡೂ ಒಟ್ಟಿಗೆ ಕಂಡಿರುವುದೇ ಬಲವಾದ ಸಾಕ್ಷಿ. ಎಷ್ಟೇ ದೂರದ, ಎಷ್ಟೇ ಪಲ್ಲಟದ ವಸ್ತುವನ್ನು ನೋಡಿದರೂ ಈ ಎರಡು ತಗ್ಗುಗಳು ಇದ್ದಲ್ಲಿಯೇ ಇರುತ್ತವೆ.

3ಸಿ 273ರ ದುರದೃಷ್ಟವೆಂದರೆ ಅದರ ಆಲ್ಫಾ ರೇಖೆ ಬಂದು ಕೂತಿದ್ದು ಸರಿಯಾಗಿ ಈ ಪಟ್ಟಿಯ ಅಂಚಿನ ಮೇಲೆ. ರೇಖೆಯ ನೆತ್ತಿ 760.0. ಪಟ್ಟಿ ಶುರುವಾಗುವುದು 759.4ರಲ್ಲಿ, ಅಲ್ಲಿಂದ ಕೆಂಪಿನ ಕಡೆಗೆ ಚಾಚಿದೆ. ಎಂದಮೇಲೆ ರೇಖೆಯ ನೀಲಿ ಮಗ್ಗುಲು ಉಳಿಯುತ್ತದೆ, ನೆತ್ತಿ ಮತ್ತು ಕೆಂಪು ಮಗ್ಗುಲು ಹೋಗುತ್ತವೆ, 770 ದಾಟಿದ ಮೇಲೆ ಬಾಲ ಸ್ವಲ್ಪ ಕಾಣುತ್ತದೆ. ಎತ್ತರದ ಎಡಗೊಂಬು, ಗಿಡ್ಡ ಬಲಗೊಂಬು ಎಂದಿರಲ್ಲ, ಅದರ ಕಾರಣ ಇದು.

ಕ್ವೇಸಾರ್ ಸುತ್ತಲಿನ ಅನಿಲ ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ. ಕ್ವೇಸಾರ್‌ನಿಂದ ಹೊರನುಗ್ಗುವ ಅನಿಲ ಹೀರಿದರೆ ಆ ತಗ್ಗು ರೇಖೆಯ ನೀಲಿ ಕಡೆ ಬೀಳುತ್ತದೆ, ಏಕೆಂದರೆ ಹೀರುವ ಅನಿಲ ನಮ್ಮತ್ತ ಬರುತ್ತಿರುತ್ತದೆ. ನಿಮ್ಮದು ಕೆಂಪು ಕಡೆ. ಅಲ್ಲದೆ ಬೀಟಾ, ಗಾಮಾಗಳಲ್ಲಿ ಅಂಥ ಸುಳಿವಿಲ್ಲ.

ಕಾರವಾರದ ಸ್ನೇಹಿತರ ಮಾತಿನಲ್ಲಿ ಅರ್ಧ ಸತ್ಯವಿದೆ. ತೇವಕ್ಕೂ ಅದರದೇ ಗುರುತುಗಳಿವೆ. 720ರ ಸುತ್ತ ಒಂದು, 820ರ ಸುತ್ತ ಇನ್ನೊಂದು, 940ರಲ್ಲಿ ಎಲ್ಲಕ್ಕಿಂತ ಆಳದ್ದು. ಮೇ ತಿಂಗಳ ಬೆವರು ಹರಿಯುವ ರಾತ್ರಿಯಲ್ಲಿ ಕಾರವಾರದಿಂದ ನೋಡಿದರೆ ಇವು ದೊಡ್ಡದಾಗುತ್ತವೆ, ಜನವರಿಯ ಒಣ ಗಾಳಿಯಲ್ಲಿ ಇಳಿಯುತ್ತವೆ. 762ರದ್ದು ಋತು ನೋಡಿ ಬದಲಾಗದು. ಎತ್ತರವೂ ದೊಡ್ಡ ಸಹಾಯ ಮಾಡದು. ಶಿರಸಿ ಸಮುದ್ರಮಟ್ಟಕ್ಕಿಂತ ಸುಮಾರು 590 ಮೀಟರ್ ಮೇಲಿದೆ. ಕಾರವಾರಕ್ಕೆ ಹೋಲಿಸಿದರೆ ನಿಮ್ಮ ತಲೆಯ ಮೇಲಿನ ಗಾಳಿ ಶೇ 7ರಷ್ಟು ಮಾತ್ರ ಕಡಿಮೆ. 4500 ಮೀಟರ್ ಎತ್ತರದ ಹನ್ಲೆಯಲ್ಲಿ ಕೂಡ ಅರ್ಧಕ್ಕಿಂತ ಹೆಚ್ಚು ಗಾಳಿ ಮೇಲೆಯೇ ಉಳಿದಿರುತ್ತದೆ. ಈ ಪಟ್ಟಿಯ ಒಳರೇಖೆಗಳು ಎಷ್ಟು ಬಲವಾದವೆಂದರೆ ಗಾಳಿ ಅರ್ಧವಾದರೂ ಅವು ಅರ್ಧವಾಗುವುದಿಲ್ಲ. ಹನ್ಲೆಗೆ ಹೋಗಲು ಬೇರೆ ನೂರು ಒಳ್ಳೆಯ ಕಾರಣಗಳಿವೆ, ಇದು ಅವುಗಳಲ್ಲಿ ಒಂದಲ್ಲ. ನೀವಿಬ್ಬರೂ ಒಂದೇ ರಾತ್ರಿ ಒಂದೇ ನಕ್ಷತ್ರದ ರೋಹಿತವನ್ನು ಶಿರಸಿಯಿಂದ, ಕಾರವಾರದಿಂದ ತೆಗೆದು 762 ಮತ್ತು 820ನ್ನು ಹೋಲಿಸಿದರೆ ವಾದ ಅಲ್ಲಿಗೆ ಮುಗಿಯುತ್ತದೆ.

ಗುಂಡಿ ತುಂಬುವ ಬಗೆ

ಮಾಡಬೇಕಾದ್ದು ಇಷ್ಟೆ: ಕ್ವೇಸಾರ್ ಪಕ್ಕದಲ್ಲೇ ಇರುವ, 760ರಲ್ಲಿ ಸ್ವಂತ ರೇಖೆಯಿಲ್ಲದ ಬಿಸಿ ನಕ್ಷತ್ರವೊಂದರಲ್ಲಿ ಆಮ್ಲಜನಕದ ತಗ್ಗಿನ ಆಕಾರ ಅಳೆದು, ಅದರಿಂದ ಕ್ವೇಸಾರ್‌ನ ರೋಹಿತವನ್ನು ಭಾಗಿಸುವುದು. ಆ ನಕ್ಷತ್ರ ನಿಮಗೆ ಹತ್ತಿರದಲ್ಲೇ ಇದೆ. ಕನ್ಯಾ ರಾಶಿಯ ಈಟಾ, ಎ2 ವರ್ಗ, ಕಾಂತಿಮಾನ (ಹೊಳಪಿನ ಅಳತೆ, ಅಂಕಿ ಹೆಚ್ಚಿದಷ್ಟೂ ಮಂಕು) 3.9, ಕ್ವೇಸಾರ್‌ನಿಂದ ಸುಮಾರು ಮೂರೂವರೆ ಡಿಗ್ರಿ ದೂರ. ಶಿರಸಿಯಲ್ಲಿ ಮಧ್ಯಾಹ್ನರೇಖೆ ದಾಟುವಾಗ ಕ್ವೇಸಾರ್ 77 ಡಿಗ್ರಿ ಎತ್ತರದಲ್ಲಿ, ಈಟಾ 75ರಲ್ಲಿ. ಎರಡರ ಬೆಳಕೂ ಹೆಚ್ಚುಕಡಿಮೆ ಒಂದೇ ದಪ್ಪದ ಗಾಳಿಯನ್ನು ಹಾದು ಬರುತ್ತದೆ. ಈ ಅನುಕೂಲ ಉತ್ತರದ ದೇಶಗಳವರಿಗಿಲ್ಲ.

ಆದರೆ ಅದಕ್ಕೂ ಮೊದಲು ಇನ್ನೊಂದು ಕಳ್ಳನನ್ನು ಹಿಡಿಯಬೇಕು. ಗ್ರೇಟಿಂಗ್ ಒಂದನೇ ಕ್ರಮದ (ಮುಖ್ಯ) ರೋಹಿತದ ಜೊತೆಗೆ ಎರಡನೇ ಕ್ರಮದ್ದನ್ನೂ, ಅಂದರೆ ಎರಡರಷ್ಟು ಹರಡಿದ ಇನ್ನೊಂದನ್ನೂ, ಮಂಕಾಗಿ ಎರಚುತ್ತದೆ. ಒಂದನೇ ಕ್ರಮದ 762 ಬೀಳುವ ಜಾಗದಲ್ಲೇ ಎರಡನೇ ಕ್ರಮದ 381 ಬೀಳುತ್ತದೆ. 3ಸಿ 273 ನೀಲಿ-ನೇರಳೆಯಲ್ಲಿ ಪ್ರಖರ ವಸ್ತು. ಆ ನೇರಳೆ ಬೆಳಕು ಬಂದು ಗುಂಡಿಯನ್ನು ಅರೆಬರೆ ತುಂಬುತ್ತದೆ. ಈಟಾದಲ್ಲಿ ತೊಂದರೆ ಬೇರೆ ಬಗೆಯದು: ಅದರ 383.5 ಮತ್ತು 388.9ರ ಹೈಡ್ರೋಜನ್ ರೇಖೆಗಳು ಎರಡನೇ ಕ್ರಮದಲ್ಲಿ 767, 778ಕ್ಕೆ ಬಂದು ಸುಳ್ಳು ತಗ್ಗು ತೋರಿಸುತ್ತವೆ. ಇದನ್ನು ಗಮನಿಸದೆ ಭಾಗಿಸಿದರೆ ಇಲ್ಲದ ಉಬ್ಬು ಹುಟ್ಟುತ್ತದೆ. ಪರಿಹಾರ ಅಗ್ಗದ್ದು: 12ನೇ ನಂಬರಿನ ಹಳದಿ ಫಿಲ್ಟರ್. ಅದು ನೀಲಿ-ನೇರಳೆಯನ್ನು ತಡೆಯುತ್ತದೆ. ಗ್ರೇಟಿಂಗ್‌ಗಿಂತ ಮುಂದೆ, ಟೆಲಿಸ್ಕೋಪ್ ಕಡೆಗೆ ತಿರುಪಿ. ಗ್ರೇಟಿಂಗ್ ಮತ್ತು ಸೆನ್ಸರ್ ನಡುವಿನ 40 ಮಿ.ಮೀ. ಬದಲಾಗಬಾರದು. ಫಿಲ್ಟರ್ ಹಾಕಿದ ಮೇಲೆ ಮತ್ತೆ ಫೋಕಸ್ ಮಾಡಿ, 2 ಮಿ.ಮೀ. ಗಾಜು ಫೋಕಸನ್ನು ಸುಮಾರು 0.7 ಮಿ.ಮೀ. ಹಿಂದಕ್ಕೆ ತಳ್ಳುತ್ತದೆ. ಈ ಫಿಲ್ಟರ್ ಇದ್ದಾಗ ಡೆಲ್ಟಾ ಕಾಣುವುದಿಲ್ಲ, ಗಾಮಾ ಮಂಕಾಗುತ್ತದೆ. ಆದ್ದರಿಂದ ಎರಡು ಕಂತು ಬೇಕು, ನೀಲಿಗೆ ಫಿಲ್ಟರ್ ಇಲ್ಲದೆ, ಕೆಂಪಿಗೆ ಫಿಲ್ಟರ್ ಇಟ್ಟು.

ರಾತ್ರಿಯ ಕೆಲಸದ ಕ್ರಮ ಹೀಗಿರಲಿ. ಮೊದಲು ಈಟಾಗೆ ಹೋಗಿ. ಶೂನ್ಯ ಕ್ರಮದ ಚುಕ್ಕೆಯ (ಬಣ್ಣವಾಗಿ ಹರಡದೆ ನೇರ ಬಂದ ನಕ್ಷತ್ರದ ಬಿಂಬ) ಮೇಲೆ ಫೋಕಸ್ ಮಾಡಬೇಡಿ. ಒಮ್ಮುಖವಾಗುವ ಬೆಳಕಿನಲ್ಲಿಟ್ಟ ಗ್ರೇಟಿಂಗ್ ಚುಕ್ಕೆಯನ್ನೂ ರೋಹಿತವನ್ನೂ ಒಂದೇ ತಲದಲ್ಲಿ ಫೋಕಸ್ ಮಾಡುವುದಿಲ್ಲ. ನೀಲಿ ಕಂತಿಗೆ 486ರ ತಗ್ಗು, ಕೆಂಪು ಕಂತಿಗೆ 762ರ ತಗ್ಗು ಅತಿ ಚೂಪಾಗಿ ಕಾಣುವಂತೆ ಮಾಡಿ. ಈಟಾ ನಿಮ್ಮ ಕ್ವೇಸಾರ್‌ಗಿಂತ 9 ಕಾಂತಿಮಾನ, ಅಂದರೆ ನಾಲ್ಕು ಸಾವಿರ ಪಟ್ಟು ಪ್ರಖರ. ಎಕ್ಸ್‌ಪೋಶರ್ ಸೆಕೆಂಡಿನ ಭಾಗಗಳಲ್ಲಿರಲಿ, ಯಾವ ಪಿಕ್ಸೆಲ್ಲೂ ಗರಿಷ್ಠದ ಮುಕ್ಕಾಲು ದಾಟದಿರಲಿ. ಹಾಗೆಂದು ಒಂದೇ ಚಿಕ್ಕ ಫ್ರೇಮ್ ಸಾಲದು. ಚಿಕ್ಕ ಎಕ್ಸ್‌ಪೋಶರ್‌ನಲ್ಲಿ ಚುಕ್ಕೆ ಸಣ್ಣದಾಗಿ, ಕ್ವೇಸಾರ್‌ನ ಉದ್ದ ಎಕ್ಸ್‌ಪೋಶರ್‌ನಲ್ಲಿ ಗಾಳಿಯ ಕುಣಿತ ಸೇರಿ ದಪ್ಪವಾಗಿ ಬಂದರೆ ಎರಡು ತಗ್ಗುಗಳ ಆಕಾರ ಹೊಂದುವುದಿಲ್ಲ. ಈಟಾದ ನೂರಿನ್ನೂರು ಫ್ರೇಮ್ ತೆಗೆದು, ಜೋಡಿಸುವಾಗ ಸರಿಹೊಂದಿಸದೆ ಸುಮ್ಮನೆ ಕೂಡಿಸಿ. ಅಗಲ ಸುಮಾರಾಗಿ ಸಮವಾಗುತ್ತದೆ.

ಆಮೇಲೆ ಕ್ವೇಸಾರ್. ಕೆಂಪು ಕಂತಿಗೆ 60 ಸೆಕೆಂಡಿನ ಫ್ರೇಮ್‌ಗಳಲ್ಲಿ ಒಟ್ಟು ಒಂದೂವರೆ ಗಂಟೆ ಇಟ್ಟುಕೊಳ್ಳಿ. ಅರ್ಧ ಆದಮೇಲೆ ಗ್ರೇಟಿಂಗನ್ನು ಕ್ಯಾಮೆರಾ ಸಮೇತ 20-30 ಡಿಗ್ರಿ ತಿರುಗಿಸಿ ಉಳಿದರ್ಧ ತೆಗೆಯಿರಿ. ಸ್ಲಿಟ್ ಇಲ್ಲದಿರುವಾಗ ಆಕಾಶದ ಯಾವ ಮಂಕು ನಕ್ಷತ್ರವಾದರೂ ನಿಮ್ಮ ರೋಹಿತದ ಪಟ್ಟಿಯ ಮೇಲೆ ಬಂದು ಕೂತು ಉಬ್ಬಿನ ವೇಷ ಹಾಕಬಹುದು. ಕೋನ ಬದಲಾಯಿಸಿದಾಗ ಅದು ಬೇರೆಡೆ ಹೋಗುತ್ತದೆ, ಕ್ವೇಸಾರ್‌ನ ಉಬ್ಬು ಹೋಗುವುದಿಲ್ಲ. ಬೀದಿದೀಪದ ಬಗ್ಗೆ ಒಂದು ಸಮಾಧಾನ: ಸ್ಲಿಟ್ ಇಲ್ಲದ ಜೋಡಣೆಯಲ್ಲಿ ದೀಪದ ರೇಖೆಗಳು ರೇಖೆಯಾಗಿ ಬೀಳುವುದಿಲ್ಲ, ಇಡೀ ಹಿನ್ನೆಲೆಯನ್ನು ಬೆಳ್ಳಗಾಗಿಸುತ್ತವೆ ಅಷ್ಟೆ. ಅದೇ ಕಾರಣಕ್ಕೆ ಬೆಳದಿಂಗಳಲ್ಲಿ ಈ ಕೆಲಸ ಬೇಡ.

ಮನೆಗೆ ಬಂದು: ಡಾರ್ಕ್ ಫ್ರೇಮ್ (ಬೆಳಕು ಬೀಳದಂತೆ ಮುಚ್ಚಿ ತೆಗೆದ ಫ್ರೇಮ್) ಕಳೆಯಿರಿ, ರೋಹಿತದ ಪಟ್ಟಿಯ ಮೇಲೆ-ಕೆಳಗೆ ಎರಡೂ ಕಡೆಯ ಹಿನ್ನೆಲೆ ತೆಗೆದು ಸರಾಸರಿ ಕಳೆಯಿರಿ. ಪಟ್ಟಿಯ ಅಗಲ ಚುಕ್ಕೆಯ ಎರಡರಷ್ಟಕ್ಕಿಂತ ಹೆಚ್ಚು ಬೇಡ, ಹೆಚ್ಚಿದಷ್ಟೂ ಬರೀ ಗದ್ದಲ (ನಾಯ್ಸ್) ಸೇರುತ್ತದೆ. ಅಲೆಯುದ್ದದ ಅಳತೆಯನ್ನು ಈಟಾದ 434.0, 486.1, 656.3ರಿಂದ ಕಟ್ಟಿ, ಅದನ್ನೇ ಕ್ವೇಸಾರ್‌ಗೆ ಬಳಸಿ. ಕ್ವೇಸಾರ್‌ನಲ್ಲಿ ಕಾಣುವ 762ರ ಗುಂಡಿಯನ್ನು ಅಳತೆಗೆ ಬಳಸಬೇಡಿ, ಅದು ಆಲ್ಫಾದ ಇಳಿಜಾರಿನಲ್ಲಿರುವುದರಿಂದ ಅದರ ತಳ ಪಕ್ಕಕ್ಕೆ ಸರಿದಂತೆ ಕಾಣುತ್ತದೆ. ಈಟಾದ ರೋಹಿತದಲ್ಲಿ 745-755 ಮತ್ತು 772-782ರ ಮಟ್ಟಗಳನ್ನು ಸರಳರೇಖೆಯಿಂದ ಸೇರಿಸಿ, ಆ ರೇಖೆಯಿಂದ ಭಾಗಿಸಿದರೆ ತಗ್ಗಿನ ಆಕಾರ ಮಾತ್ರ ಉಳಿಯುತ್ತದೆ: ಹೊರಗೆ 1, ಒಳಗೆ 1ಕ್ಕಿಂತ ಕಡಿಮೆ. ಕ್ವೇಸಾರನ್ನು ಇದರಿಂದ ಭಾಗಿಸಿ. ರೋಹಿತದ ತಂತ್ರಾಂಶಗಳಾದ ಆರ್‌ಸ್ಪೆಕ್ ಆಗಲಿ, ಬಿಎಎಸ್‌ಎಸ್ ಆಗಲಿ ಇಷ್ಟನ್ನು ಮಾಡುತ್ತವೆ.

ಭಾಗಿಸಿದ ಮೇಲೆ ಒಂದು ಕಡೆ ಚೂಪು ಉಬ್ಬು, ಪಕ್ಕದಲ್ಲೇ ಚೂಪು ತಗ್ಗು ಬಂದರೆ ಎರಡು ರೋಹಿತಗಳು ಒಂದು ಪಿಕ್ಸೆಲ್‌ನಷ್ಟು ಸರಿದಿವೆ ಎಂದರ್ಥ. ಅರ್ಧರ್ಧ ಪಿಕ್ಸೆಲ್ ಸರಿಸಿ ನೋಡಿ. ಗುಂಡಿ ಇದ್ದ ಜಾಗದಲ್ಲಿ ದಿಬ್ಬವೆದ್ದರೆ ಈಟಾದ ಚುಕ್ಕೆ ಕ್ವೇಸಾರ್‌ನದಕ್ಕಿಂತ ಚೂಪಾಗಿತ್ತು ಎಂದರ್ಥ. ಎಲ್ಲ ಸರಿಯಾದರೂ 760-766ರಲ್ಲಿ ಗದ್ದಲ ಉಳಿದೇ ಉಳಿಯುತ್ತದೆ, ಅಲ್ಲಿ ಬಂದ ಬೆಳಕೇ ಕಡಿಮೆ. ಆಲ್ಫಾ ಇದೆ ಎಂದು ತೋರಿಸಲು ಇದು ಸಾಕು. ಕೆಂಪುಪಲ್ಲಟದ ಲೆಕ್ಕಕ್ಕೆ ಬೀಟಾವೇ ಇರಲಿ.

ಡಿಎಸ್‌ಎಲ್‌ಆರ್ ಬಳಸುವವರಿಗೆ ಒಂದು ಮಾತು. ಅದರ ಸೆನ್ಸರ್ ಮುಂದಿನ ಫಿಲ್ಟರ್ 700 ತಲುಪುವ ಮೊದಲೇ ಬಾಗಿಲು ಮುಚ್ಚುವುದರಿಂದ ಈ ಗುಂಡಿಯೂ ಇಲ್ಲ, ಆಲ್ಫಾವೂ ಇಲ್ಲ. ಜೊತೆಗೆ ಹಸಿರು-ಕೆಂಪು ಬಣ್ಣದ ಫಿಲ್ಟರ್‌ಗಳು ಸಂಧಿಸುವ ಕಡೆ, ಅಂದರೆ 580ರ ಸುತ್ತ, ಕ್ಯಾಮೆರಾ ತಾನೇ ಏರಿಳಿತ ಹುಟ್ಟಿಸುತ್ತದೆ. ಬೀಟಾ ಎಂದು ಸಂಭ್ರಮಿಸಿದ್ದು ಅದೇ ಆಗಿರುವುದುಂಟು.

ದಣಿದ ಬೆಳಕು ಮತ್ತು ನಾರ್ಲೀಕರ್

ವಿಡಿಯೊ ಎರಡು ಬೇರೆ ವಾದಗಳನ್ನು ಕಲಸಿದೆ. ಹಾಲ್ಟನ್ ಆರ್ಪ್, ಜೆಫ್ರಿ ಬರ್ಬಿಜ್, ಫ್ರೆಡ್ ಹಾಯ್ಲ್, ಜಯಂತ ನಾರ್ಲೀಕರ್ ಇವರು ಕ್ವೇಸಾರ್‌ಗಳ ಕೆಂಪುಪಲ್ಲಟ ಪೂರ್ತಿಯಾಗಿ ವಿಶ್ವದ ಹಿಗ್ಗುವಿಕೆಯಿಂದಲೇ ಬಂದದ್ದೇ ಎಂದು ಪ್ರಶ್ನಿಸಿದ್ದು ನಿಜ. ಅದು 'ಬೆಳಕು ದಣಿಯುತ್ತದೆ' ಎಂಬ ವಾದವಲ್ಲ. ಅಷ್ಟು ಚಿಕ್ಕ ಜಾಗದಿಂದ ಅಷ್ಟು ಶಕ್ತಿ ಹೇಗೆ ಹೊರಡುತ್ತದೆ ಎಂಬುದು ತಿಳಿಯದ ಕಾಲದಲ್ಲಿ ಆ ಪ್ರಶ್ನೆ ಕೇಳಲೇಬೇಕಾದದ್ದಾಗಿತ್ತು.

ಉತ್ತರ ಬಂದಿದ್ದು ಹಲವು ಕಡೆಯಿಂದ. 1979ರಲ್ಲಿ ಸಿಕ್ಕ ಅವಳಿ ಕ್ವೇಸಾರ್ ಕ್ಯೂ0957+561ರಲ್ಲಿ 1.41 ಪಲ್ಲಟದ ಒಂದೇ ಕ್ವೇಸಾರ್ ಎರಡಾಗಿ ಕಾಣುತ್ತದೆ. ಬೆಳಕನ್ನು ಬಾಗಿಸುವ ಗೆಲಾಕ್ಸಿಯ ಪಲ್ಲಟ 0.36. ಕ್ವೇಸಾರ್ ಆ ಗೆಲಾಕ್ಸಿಯ ಹಿಂದೆ ಇದ್ದರೆ ಮಾತ್ರ ಇದು ಸಾಧ್ಯ. ಹಬಲ್ ದೂರದರ್ಶಕ 3ಸಿ 273ನ್ನು ತನ್ನೊಳಗಿಟ್ಟುಕೊಂಡ ದೀರ್ಘವೃತ್ತ ಗೆಲಾಕ್ಸಿಯನ್ನೇ ತೋರಿಸಿದೆ. ದಣಿದ ಬೆಳಕಿನ ಮಟ್ಟಿಗೆ ಹೇಳುವುದಾದರೆ, ದಣಿದರೆ ಬಣ್ಣ ಮಾತ್ರ ಬದಲಾಗಬೇಕು, ಗಡಿಯಾರ ನಿಧಾನವಾಗಬಾರದು. ದೂರದ ಸೂಪರ್‌ನೋವಾಗಳು ಪಲ್ಲಟಕ್ಕೆ ತಕ್ಕಂತೆ ನಿಧಾನವಾಗಿಯೇ ಬೆಳಗಿ ಆರುತ್ತವೆ. 2023ರಲ್ಲಿ ಜೆರಾಯಿಂಟ್ ಲೂಯಿಸ್ ಮತ್ತು ಬ್ರೆಂಡನ್ ಬ್ರೂವರ್ 190 ಕ್ವೇಸಾರ್‌ಗಳ ಮಿನುಗಿನಲ್ಲೂ ಇದೇ ನಿಧಾನವನ್ನು ತೋರಿಸಿದರು. ನಿಮ್ಮ ಕ್ಯಾಮೆರಾಗೆ ಬಿದ್ದದ್ದು ಸುಮಾರು 200 ಕೋಟಿ ವರ್ಷ ಹಿಂದೆ ಹೊರಟ ಬೆಳಕು ಎಂದು ನಿಶ್ಚಿಂತೆಯಿಂದ ಹೇಳಬಹುದು.

ಮುಂದೆ ಏನು ಕೊಳ್ಳುವುದು, ಏನು ನೋಡುವುದು

ಸ್ಲಿಟ್ ಇರುವ ಸ್ಪೆಕ್ಟ್ರೋಗ್ರಾಫ್ ಆಕಾಶದ ಹಿನ್ನೆಲೆಯನ್ನು ತಗ್ಗಿಸುತ್ತದೆ, ರೆಸಲ್ಯೂಶನ್ ಸೀಯಿಂಗ್‌ನ ಹಂಗಿಲ್ಲದೆ ಸ್ಥಿರವಾಗುತ್ತದೆ, ಕಬ್ಬಿಣದ ಭುಜ ಬಿಡಿಸಿಕೊಂಡು ಕಾಣುತ್ತದೆ. ಆದರೆ ಆಮ್ಲಜನಕದ ಗುಂಡಿಯನ್ನು ಅದೂ ಹೋಗಲಾಡಿಸದು. ಇನ್ನೊಂದು ಕಷ್ಟ: 23 ಮೈಕ್ರಾನ್ ಸ್ಲಿಟ್ ಎಂದರೆ ನಿಮ್ಮ ಟೆಲಿಸ್ಕೋಪಿನಲ್ಲಿ 4 ಆರ್ಕ್‌ಸೆಕೆಂಡ್. 13ನೇ ಕಾಂತಿಮಾನದ ಚುಕ್ಕೆಯನ್ನು ಆ ಸಂದಿಯಲ್ಲಿ ಗಂಟೆಗಟ್ಟಲೆ ಹಿಡಿದಿಡಲು ಎರಡನೇ ಕ್ಯಾಮೆರಾದಿಂದ ಗೈಡಿಂಗ್ (ಗುರಿ ಜಾರದಂತೆ ಮೌಂಟನ್ನು ತಿದ್ದುತ್ತಿರುವುದು) ಬೇಕೇ ಬೇಕು. ಮೌಂಟ್ ಅಷ್ಟು ಗಟ್ಟಿಯಿಲ್ಲದಿದ್ದರೆ ಹಣವೆಲ್ಲ ಸ್ಲಿಟ್‌ನ ದವಡೆಗೆ ಬಿದ್ದ ಬೆಳಕಾಗುತ್ತದೆ. ನನ್ನ ಸಲಹೆ: ಮೊದಲು ಹಳದಿ ಫಿಲ್ಟರ್ ಮತ್ತು ಗೈಡಿಂಗ್ ಕೊಳ್ಳಿ, ಸ್ಲಿಟ್ ಆಮೇಲೆ.

ಕಾಲದ ಲೆಕ್ಕವೂ ಇದೆ. ಶಿರಸಿಯಲ್ಲಿ 3ಸಿ 273 ಮಾರ್ಚ್ ಕೊನೆಗೆ ರಾತ್ರಿ 12:35ರ ಸುಮಾರಿಗೆ ನೆತ್ತಿಗೆ ಬರುತ್ತದೆ, ಏಪ್ರಿಲ್ ಕೊನೆಗೆ 10:35ಕ್ಕೆ, ಮೇ ನಡುವಿಗೆ 9:30ಕ್ಕೆ. ಹೊತ್ತು ಅನುಕೂಲವಾಗುತ್ತ ಹೋದಂತೆ ಆಕಾಶ ಕೆಡುತ್ತ ಹೋಗುತ್ತದೆ. ಮೇಯಲ್ಲಿ ಸಂಜೆ ಗುಡುಗು ಮೋಡ, ಹೊಗೆಮಂಜು. ಫೆಬ್ರವರಿ-ಮಾರ್ಚಿನ ಅಮಾವಾಸ್ಯೆಯ ರಾತ್ರಿಗಳಲ್ಲಿ ನಿದ್ದೆಗೆಟ್ಟರೆ ಲಾಭವಿದೆ. ಮಳೆಗಾಲದ ನಾಲ್ಕು ತಿಂಗಳು ಗ್ರೇಟಿಂಗ್, ಫಿಲ್ಟರ್‌ಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಮುಚ್ಚಿಡಿ, ಜೆಲ್ ಬಣ್ಣ ಬದಲಿಸಿದಾಗ ಕಾಯಿಸಿ ಮತ್ತೆ ಹಾಕಿ. ಘಟ್ಟದ ಮೇಲೂ ಕೆಳಗೂ ಬೂಸ್ಟು ಬಿಡುವುದಿಲ್ಲ. ಗ್ರೇಟಿಂಗ್‌ಗೆ ಗಾಜಿನ ಹೊದಿಕೆ ಇದ್ದರೆ ಫಿಲ್ಟರಿನಂತೆ ಒರೆಸಬಹುದು. ಬರೀ ಫಿಲ್ಮ್ ಆದರೆ ಮುಟ್ಟಲೇ ಬೇಡಿ.

ಎಪಿಎಂ 08279+5255 ಆಸೆ ಹುಟ್ಟಿಸುವ ವಸ್ತುವೇ. ಅದರ ಪಲ್ಲಟ 3.91. ಹೈಡ್ರೋಜನ್ನಿನ ಲೈಮನ್ ಆಲ್ಫಾ ರೇಖೆ, ಭೂಮಿಯಿಂದ ಯಾರೂ ನೋಡಲಾಗದ 121.6ರ ಅತಿನೇರಳೆ, ಅಲ್ಲಿಂದ ಬರುವಾಗ 597ರ ಹಳದಿ-ಕಿತ್ತಳೆಯಾಗಿರುತ್ತದೆ. ಅದರ ನೀಲಿ ಕಡೆ ಬೆಳಕು ಹಠಾತ್ತಾಗಿ ಕುಸಿಯುತ್ತದೆ, ದಾರಿಯುದ್ದಕ್ಕೂ ಇದ್ದ ಹೈಡ್ರೋಜನ್ ಮೋಡಗಳು ಹೀರಿಬಿಟ್ಟಿರುತ್ತವೆ. ನಡುದಾರಿಯ ಗುರುತು ನಿಮಗೆ ಸಿಗುವುದು ಇಲ್ಲಿ. ಆದರೆ ಅದು 15.2ರ ಆಸುಪಾಸಿನದು, 3ಸಿ 273ಕ್ಕಿಂತ ಎಂಟು ಪಟ್ಟು ಮಂಕು. ಆಕಾಶದ ಹಿನ್ನೆಲೆಯೇ ಮೇಲುಗೈಯಾದಾಗ ಅಷ್ಟೇ ಸ್ವಚ್ಛ ರೋಹಿತಕ್ಕೆ ಎಂಟಲ್ಲ, ಎಂಟರ ವರ್ಗದಷ್ಟು, ಎಂದರೆ ಅರವತ್ತು ಚಿಲ್ಲರೆ ಪಟ್ಟು ಸಮಯ ಬೇಕು. ಹಾಗಾಗಿ ಸ್ವಚ್ಛತೆಯ ಆಸೆ ಬಿಟ್ಟು, 597ರ ಆ ಕುಸಿತವೊಂದನ್ನೇ ಗುರಿಯಾಗಿಟ್ಟುಕೊಳ್ಳಿ. ಜನವರಿ-ಫೆಬ್ರವರಿಯಲ್ಲಿ ಉತ್ತರಕ್ಕೆ 52 ಡಿಗ್ರಿ ಎತ್ತರದಲ್ಲಿ ಸಿಗುತ್ತದೆ. ಅದರ ಇಂಗಾಲದ 154.9ರ ರೇಖೆ ಎಲ್ಲಿಗೆ ಬರುತ್ತದೆ ಗೊತ್ತೇ? 760ಕ್ಕೆ! ಅದಕ್ಕೆ ಮೂರು ಕಾಸಿನ ಪ್ರಯತ್ನವನ್ನೂ ಹಾಕಬೇಡಿ.

ಅದಕ್ಕೂ ಮುಂಚೆ ಕೈ ಪಳಗಿಸಲು ಎನ್‌ಜಿಸಿ 4151 ಒಳ್ಳೆಯದು. ಕ್ವೇಸಾರ್‌ನ ಬಡ ನೆಂಟ ಎನ್ನಬಹುದಾದ ಸೀಫರ್ಟ್ ಗೆಲಾಕ್ಸಿ. ಪಲ್ಲಟ ಬರೀ 0.0033, ಆಲ್ಫಾ 658.5ರಲ್ಲಿ, ಯಾವ ಗುಂಡಿಯ ಕಾಟವೂ ಇಲ್ಲ. ಇಲ್ಲಿ ಆಮ್ಲಜನಕದ 500.7 ಬಲವಾಗಿದ್ದು, 3ಸಿ 273ರಲ್ಲಿ ಅದೆಷ್ಟು ಬಡಕಲು ಎಂಬುದು ಪಕ್ಕದಲ್ಲಿಟ್ಟು ನೋಡಿದರೆ ತಿಳಿಯುತ್ತದೆ. ಅದೇ ಋತುವಿನಲ್ಲಿ 65 ಡಿಗ್ರಿ ಎತ್ತರಕ್ಕೆ ಬರುತ್ತದೆ.

ಕ್ವೇಸಾರ್‌ನ ಆಲ್ಫಾ ರೇಖೆಯನ್ನು ಇಡಿಯಾಗಿ ನೋಡಲೇಬೇಕೆಂದಿದ್ದರೆ ಪಿಡಿಎಸ್ 456 ಆರಿಸಿಕೊಳ್ಳಿ. ಕಾಂತಿಮಾನ 14, ಪಲ್ಲಟ 0.184. ಆಲ್ಫಾ 777ಕ್ಕೆ ಬಿದ್ದು ಆಮ್ಲಜನಕದ ಪಟ್ಟಿಯ ಮುಖ್ಯ ಭಾಗದಿಂದ ತಪ್ಪಿಸಿಕೊಳ್ಳುತ್ತದೆ, 820ರ ತೇವದ ಪಟ್ಟಿಗೂ ಮುಟ್ಟುವುದಿಲ್ಲ. ಬೀಟಾ 575.5ರಲ್ಲಿ. ಹಳದಿ ಫಿಲ್ಟರ್ ಇಲ್ಲಿ ಕಡ್ಡಾಯ. ಅದು ಮಧ್ಯರಾತ್ರಿ ನೆತ್ತಿಗೆ ಬರುವ ಹೊತ್ತಿಗೆ ನಮ್ಮಲ್ಲಿ ಮಳೆ ಹಿಡಿದಿರುತ್ತದೆ, ಆದ್ದರಿಂದ ಏಪ್ರಿಲ್ ಕೊನೆಯ ಬೆಳಗಿನ ಜಾವ ಮೂರೂವರೆಗೆ, ದಕ್ಷಿಣಕ್ಕೆ 61 ಡಿಗ್ರಿಯಲ್ಲಿ ಹಿಡಿಯಬೇಕು. 3ಸಿ 273 ಮುಗಿಸಿ ಟೆಲಿಸ್ಕೋಪ್ ಒಳಗಿಡದೆ ಒಂದು ನಿದ್ದೆ ತೆಗೆದೆದ್ದರೆ ಎರಡೂ ಒಂದೇ ರಾತ್ರಿಯಲ್ಲಿ ಆಗುತ್ತವೆ. ನಡುವೆ ಕನ್ನಡಿಯ ಮೇಲೆ ಇಬ್ಬನಿ ಕೂರದಂತೆ ಕೊಳವೆಯ ಬಾಯಿಗೆ ಮುಚ್ಚಳ ಹಾಕಿಡಿ, ಚಿಕ್ಕ ಕನ್ನಡಿಗೆ ಹೀಟರ್ ಪಟ್ಟಿ ಇದ್ದರೆ ಹಚ್ಚಿಡಿ.